ಕಿಟಕಿ ಕತ್ತರಿಸಿದ ಪತ್ರಿಕೆ

ಚಿಕ್ಕೋಡಿ ತಾಲೂಕಿನ ಸುದ್ದಿ ಬರೆಯುವ ನಾನು ಅಚ್ಚಾದ ನನ್ನ ವರದಿಗಳನ್ನು ಕತ್ತರಿಸಿ ಫೈಲಿನಲ್ಲಿ ಅಂಟಿಸಿಡುತ್ತೇನೆ. ಹಾಗಾಗಿ ನಮ್ಮ ಮನೆಯ ರದ್ದಿ ಪತ್ರಿಕೆಗಳಲ್ಲಿ ಕಿಟಕಿಯಂಥ ಚೌಕ ತೂತುಗಳಿರುತ್ತವೆ.

ನಮ್ಮೂರು ಕರೋಶಿಯಲ್ಲಿ ಮಹಿಳಾ ಸಂಘದವರು ಮನೆ ಮನೆಯ ಕಸ ಒಯ್ಯಲು ಶುರುಮಾಡಿದಾಗ ಹಸಿ ಕಸ, ಒಣ ಕಸ ಬೇರೆ ಮಾಡುವವರೇ ಇರಲಿಲ್ಲ. ಗಾಡಿಯ ಮೈಕು ದಿನವೂ ಕೂಗುತ್ತಿತ್ತು, ಅಷ್ಟೆ. ಆಮೇಲೆ ಒಂದೇ ವಾರದಲ್ಲಿ ನಮ್ಮ ಓಣಿ ಬದಲಾಯಿತು. ಕಾರಣ ತಿಳಿದು ಬರೆಯೋಣವೆಂದು ಹೊರಟೆ.

ಎದುರುಮನೆಯ ಅಜ್ಜಿ ಹೇಳಿದಳು: "ಕಸ ಆರಸಾಕಿ ಅಂಗೈ ಕೊಯ್ಕೊಂಡಾಳ ತಮ್ಮಾ. ನಮ್ಮ ಓಣಿ ಚೀಲದಾಗ ಗಾಜ ಇತ್ತಂತ. ನಮ್ಮ ಸೊಸಿನೂ ಆ ವಾರ ಚಾ ಕುಡಿಯೂ ಗಾಜಿನ ಬಶಿ ಒಡದಿದ್ಲು. ನಮ್ದ ಆಗಿದ್ರ?"

ಮುಂದಿನ ಮೂರು ಮನೆಗಳಲ್ಲೂ ಇದೇ ಅನುಮಾನ.

ಕಸ ವಿಂಗಡಿಸುವ ಶೆಡ್ಡಿನಲ್ಲಿ ಆಕೆ ಬಲಗೈಗೆ ಪಟ್ಟಿ ಕಟ್ಟಿಕೊಂಡು ಎಡಗೈಯಲ್ಲಿ ಕೆಲಸ ಮಾಡುತ್ತಿದ್ದಳು. "ಬರ್ರಿ ಅಣ್ಣಾರ. ಫೋಟೋ ತಗೀತೀರೇನು? ತಡೀರಿ, ಸೆರಗರ ಸರಿ ಮಾಡ್ಕೋತೀನಿ," ಎಂದು ನಕ್ಕಳು. ಗಾಯ ಹೇಗಾಯಿತೆಂದು ಕೇಳಿದೆ. ಚೀಲದ ಕೆಳಗಿಂದ ಒಂದು ಪತ್ರಿಕೆ ಎಳೆದಳು. ನಡುವೆ ಚೌಕ ತೂತು, ಅಂಚಿಗೆ ಒಣಗಿದ ರಕ್ತ.

"ಬರೇ ಪೇಪರ್ ಅಂತ ಬಿಚ್ಚಿದ್ನಿರಿ."

ನೆನಪಾಯಿತು. ಒಡೆದ ಚಹಾದ ಗ್ಲಾಸನ್ನು ಅದರಲ್ಲಿ ಸುತ್ತಿ ಒಣ ಕಸಕ್ಕೆ ಹಾಕಿದ್ದೆ. ಸುತ್ತಿದ್ದನ್ನೇ ಎಚ್ಚರಿಕೆ ಎಂದುಕೊಂಡಿದ್ದೆ. ಅಲ್ಲಿ ಪ್ರತಿ ಕಾಗದವನ್ನೂ ಕೈಯಿಂದ ಬಿಚ್ಚಿ ಜೋಡಿಸುತ್ತಾರೆಂದು ಯೋಚಿಸಿರಲಿಲ್ಲ.

"ಯಾರಿಗರ ಹೇಳೀಯೇನ ಬೇ?" ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಕೈ ಹೇಗಿದೆ ಎಂದು ಕೇಳಿದ್ದು ಆಮೇಲೆ.

"ಇಲ್ರಿ. ನಿಮ್ದಂತ ಗೊತ್ತಾದ್ರ ಉಳದವ್ರು ಪಾರಾದ್ವಿ ಅಂತ ಮತ್ತ ಎಲ್ಲಾ ಕೂಡಿಸಿ ಹಾಕ್ತಾರ. ಈಗ ಎಲ್ಲಾರಿಗೂ ತಮ್ದ ಇರಬೇಕು ಅನ್ನೂ ಅಂಜಿಕಿ ಐತಿ."

ಆ ಮಾತು ನನಗೆ ಅನುಕೂಲವಾಯಿತು. ಓಣಿ ಜಾಗೃತಿಯಿಂದ ಬದಲಾಯಿತು ಎಂದು ಬರೆದೆ. ಗಾಯಕ್ಕೆ ಒಂದೇ ಸಾಲು: ಯಾವುದೋ ಮನೆಯ ಗಾಜು ತಗುಲಿ ಗಾಯ. ಖಚಿತವಿಲ್ಲದ್ದನ್ನು ಬರೆಯಬಾರದೆಂದು ಹೊಸಬರಿಗೆ ಹೇಳಿಕೊಡುವವನು ನಾನು. ಇಲ್ಲಿ ಖಚಿತವಿದ್ದದ್ದನ್ನೇ 'ಯಾವುದೋ' ಮಾಡಿದೆ.

ಎದುರುಮನೆಯ ಅಜ್ಜಿ ಈಗಲೂ ಸೊಸೆಯನ್ನು ಆ ಬಶಿಯ ವಿಷಯಕ್ಕೆ ಬೈಯುತ್ತಾಳೆ. ನಾನು ಕೇಳಿಸಿಕೊಳ್ಳುತ್ತಲೇ ಪತ್ರಿಕೆಯ ಪುಟ ತಿರುವುತ್ತೇನೆ.

ಆ ವರದಿಯನ್ನು ಮಾತ್ರ ಕತ್ತರಿಸಲಿಲ್ಲ. ಪುಟವನ್ನು ಇಡಿಯಾಗಿಯೇ ಚೀಲಕ್ಕೆ ಹಾಕಿದೆ. ತೂತಿಲ್ಲದ ಪತ್ರಿಕೆ ಯಾರ ಮನೆಯದೆಂದು ಆಕೆಗೆ ಗೊತ್ತಾಗುವುದಿಲ್ಲ.