ಕೊಳವೆಯೊಳಗಿನ ಗೂಡು

ಬೆಳಗೋಡಿನ ನಮ್ಮ ಬಯಲಿನಲ್ಲಿ ವಿಮಾನ ಜೋರಾಗಿ ಓಡುತ್ತಿದ್ದರೂ ವೇಗ ತೋರಿಸುವ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ನಾಲ್ಕು ವರ್ಷ ನಮ್ಮ ತೋಟದ ಕಾಫಿ ಮೂಟೆಗಳನ್ನಿಡುವ ಸ್ಟೋರಿನಲ್ಲೇ ಕೂತು ಅದನ್ನು ಕಟ್ಟಿದ್ದ ನನ್ನ ಗಂಡ ಎಂಜಿನ್ ಆರಿಸಿ ಇಳಿದರು. ನುಗ್ಗುವ ಗಾಳಿಯಿಂದ ವೇಗ ಅಳೆಯಲೆಂದು, ಗಾಳಿ ನೇರವಾಗಿ ಬರುವ ಜಾಗ ಹುಡುಕಿ ರೆಕ್ಕೆಯ ಕೆಳಗೆ ಕೂರಿಸಿದ್ದ ಸಣ್ಣ ಕೊಳವೆಯ ಬಾಯಿಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ವೇಗ ಗೊತ್ತಾಗದೆ ಹಾಗೇ ಮೇಲೇರಿದ್ದರೆ ಅವರು ಬದುಕುವುದು ಕಷ್ಟವಿತ್ತು.

ತಂತಿಯಿಂದ ಕೆದಕಲು ಹೊರಟಾಗ, ನೋಡಲು ಬಂದಿದ್ದ ಸ್ಟೋರ್ ಗುಡಿಸುವ ಸಣ್ಣಮ್ಮ ಓಡಿಬಂದು ಅವರ ಕೈ ಹಿಡಿದಳು.

"ಕೀಳ್ಬ್ಯಾಡಿ ಅಯ್ಯಾ! ವಾರದಿಂದ ನೋಡ್ತಾ ಇವ್ನಿ, ಬೇಕೂಂತ್ಲೇ ಸುಮ್ನಿದ್ದೆ. ಬಸುರಿ ಇರೋ ಮನೇಲಿ ಈ ಗೂಡು ಒಡೀಬಾರ್ದು."

ನನಗಾಗ ಐದು ತಿಂಗಳು. ಹಿಂದಿನ ಎರಡೂ ನಿಂತಿರಲಿಲ್ಲ. ನನ್ನ ಮಗುವನ್ನು ಕಾಯಲು ಹೋಗಿ ತಾನು ಅದರ ಅಪ್ಪನ ಜೀವಕ್ಕೇ ಕುತ್ತು ತರುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ. ಇವರು ಬೈಯಲಿಲ್ಲ. ಗೂಡಿನ ಸಮೇತ ಕೊಳವೆಯನ್ನೇ ಬಿಚ್ಚಿ ಸ್ಟೋರಿನ ಕಿಟಕಿಯಲ್ಲಿಟ್ಟರು. ಆಮೇಲೆ ಅದು ಯಾತಕ್ಕಿರುವುದೆಂದು ಅವಳಿಗೆ ತಿಳಿಸಿ ಹೇಳಿದರು. 

ಹುಳಗಳು ಗೂಡು ಕೊರೆದು ಹಾರಿಹೋದವು, ಮಗಳು ಹುಟ್ಟಿದಳು. ಹೊಸ ಕೊಳವೆಗೆ ಹುಳ ಹೊಗದಂತೆ ಸಣ್ಣಮ್ಮ ನನ್ನ ಹಳೇ ಸೀರೆಯಲ್ಲಿ ಚೀಲ ಹೊಲಿದಿದ್ದಾಳೆ. ವಿಮಾನ ಹೊರಡುವಾಗ ಅದನ್ನು ಬಿಚ್ಚಲು ಬೇರೆ ಯಾರಿಗೂ ಬಿಡುವುದಿಲ್ಲ. ಬಿಚ್ಚಿದ ಮೇಲೆ ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ಕೊಳವೆಯೊಳಗೆ ನೋಡುತ್ತಾಳೆ.