ಹದಿನೈದು ಯೂರೊಗೆ ಎಷ್ಟು ಕನ್ನಡ

ಬೆಳಗಿನ ಎರಡನೆಯ ಕಾಫಿಯ ಹೊತ್ತಿಗೆ ನನ್ನ ಫೋನು ಒಮ್ಮೆ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡುತ್ತದೆ. ಬ್ಯಾಂಕಿನ ಸಂದೇಶ. ಹಿಂದಿನ ದಿನ ಪೋರ್ಚುಗಲ್ಲಿನಲ್ಲಿ ಯೂರೊ ಆಗಿದ್ದ ನನ್ನ ಸಂಪಾದನೆ ಸಮುದ್ರ ದಾಟಿ, ಬಿಟಿಎಂ ಲೇಔಟಿನ ಎರಡನೇ ಹಂತಕ್ಕೆ ರೂಪಾಯಿಯಾಗಿ ಬಂದು ಸೇರಿದೆ ಎಂಬ ಸಮಾಚಾರ. ದೂರ ಪ್ರಯಾಣ ಮಾಡಿದವರು ಕೊಂಚ ಸೊರಗಿ ಬರುವುದು ಸಹಜ. ಆದರೆ ಈ ಹಣ ಪ್ರತಿಸಲವೂ, ಅದೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸೊರಗಿ ಬರುವುದನ್ನು ಕಂಡು, ಪತ್ರಿಕೆಯ ವಾಣಿಜ್ಯ ಪುಟವನ್ನೂ ಫೋನನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುವ ಹೊಸ ಚಟವೊಂದು ನನಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಅಂಟಿಕೊಂಡಿತು.

ಈ ಸಂಪಾದನೆಯ ಮೂಲವನ್ನು ಹೇಳಿಬಿಡುತ್ತೇನೆ. ವೃತ್ತಿಯಿಂದ ನಿವೃತ್ತಳಾದ ಮೇಲೆ ಯಾವುದಾದರೂ ಪ್ರವೃತ್ತಿ ಬೇಕೆಂದು, ಇಂಟರ್ನೆಟ್ಟಿನಲ್ಲಿ ಭಾಷೆ ಕಲಿಸುವ ತಾಣವೊಂದರಲ್ಲಿ ನನ್ನ ಹೆಸರು ಬರೆಸಿದ್ದೆ. ಎಂಟು ತಿಂಗಳು ಯಾರೂ ಬರಲಿಲ್ಲ. ಆಮೇಲೆ ಇನೆಸ್ ಬಂದಳು. ಪೋರ್ಚುಗಲ್ಲಿನ ಸಣ್ಣ ಊರೊಂದರ ವೃದ್ಧಾಶ್ರಮದಲ್ಲಿ ನರ್ಸು, ವಯಸ್ಸು ನಲವತ್ತರ ಆಸುಪಾಸು. ಅಲ್ಲಿ ರುದ್ರಪ್ಪ ಎಂಬ ಹಿರಿಯರೊಬ್ಬರಿದ್ದಾರೆ. ಯೌವನದಲ್ಲೇ ಹಡಗಿನ ಅಡುಗೆಮನೆಯ ಕೆಲಸಕ್ಕೆಂದು ದೇಶ ಬಿಟ್ಟವರು, ಆ ಊರಿನ ಹೆಂಗಸನ್ನು ಮದುವೆಯಾಗಿ ಅಲ್ಲೇ ನೆಲೆಸಿದರಂತೆ. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡಿದ್ದಾರೆ. ಎರಡು ವರ್ಷಗಳಲ್ಲಿ ಮರೆವಿನ ಕಾಯಿಲೆ ಅವರ ಪೋರ್ಚುಗೀಸನ್ನು ಅಳಿಸಿತು, ಆಮೇಲೆ ಇಂಗ್ಲಿಷನ್ನು ಅಳಿಸಿತು. ಉಳಿದದ್ದು ಅಲ್ಲಿ ಯಾರಿಗೂ ತಿಳಿಯದ ಒಂದು ಭಾಷೆ. ಇನೆಸ್ ಅದರ ನಾಲ್ಕು ಪದ ಬಾಯಿಪಾಠ ಮಾಡಿ, ಪಕ್ಕದ ಪಟ್ಟಣದ ಭಾರತೀಯ ಅಂಗಡಿಯಲ್ಲಿ ಒಪ್ಪಿಸಿದಳಂತೆ. ಅಂಗಡಿಯವನು ಇದು ಕನ್ನಡ ಎಂದನಂತೆ.

ಹಾಗೆ ವಾರಕ್ಕೆರಡು ಪಾಠ, ಪಾಠಕ್ಕೆ ಹದಿನೈದು ಯೂರೊ, ಆಕೆಯ ಸ್ವಂತ ಸಂಬಳದಿಂದ. ನೀರು, ಚಳಿ, ನಿದ್ದೆ, ಕೈ, ಕಾಲು, ನೋವು ಎಲ್ಲಿದೆ: ನಮ್ಮ ಪಠ್ಯಕ್ರಮ ಇಷ್ಟೇ.

ಇಂಥ ಪುಣ್ಯದ ಹಣದಲ್ಲಿ ಐವತ್ತು ಚಿಲ್ಲರೆ ರೂಪಾಯಿ ಕಾಣೆಯಾಗುವುದನ್ನು ನಾನು ಸಹಿಸಲಿಲ್ಲ. ಯಾಕೆಂದರೆ ಓದುಗರೇ, ನಾನು ಬ್ಯಾಂಕಿನಲ್ಲಿದ್ದವಳು. ಜಯನಗರದ ಶಾಖೆಯೊಂದರ ವಿದೇಶಿ ವಿನಿಮಯದ ಕೌಂಟರಿನಲ್ಲಿ ಹನ್ನೊಂದು ವರ್ಷ ಕುಳಿತು, ಡಾಲರು ಹಿಡಿದು ಬಂದವರಿಗೆ “ಇವತ್ತಿನ ರೇಟ್ ಇದೇ ಸಾರ್” ಎಂದು ತಲೆಯೆತ್ತದೆ ಹೇಳಿದವಳು. ವಿನಿಮಯಕ್ಕೂ ವಿನಯಕ್ಕೂ ಒಂದೂವರೆ ಅಕ್ಷರದಷ್ಟೇ ಅಂತರವಿದ್ದರೂ ಅದನ್ನು ದಾಟುವ ಗೋಜಿಗೆ ನಾನು ಆಗ ಹೋಗಿರಲಿಲ್ಲ. ಈಗ ಹಣ ರವಾನಿಸುವ ಕಂಪನಿಗೆ ಫೋನು ಮಾಡಿದೆ.

“ಮ್ಯಾಮ್, ನಿಮ್ಮ ಯೂರೊ ನಮ್ಮತ್ರ ಬಂದ ಮಾರನೇ ದಿನ ತಾನಾಗೇ ರೂಪಾಯಿ ಆಗಿ ಬ್ಯಾಂಕಿಗೆ ಹೋಗತ್ತೆ. ನಮ್ಮ ರೇಟಲ್ಲಿ ಕನ್ವರ್ಷನ್ ಚಾರ್ಜ್ ಸೇರಿರತ್ತೆ” ಎಂದಳು ಆ ಕಡೆಯ ಹುಡುಗಿ.

“ಪೇಪರಿನ ರೇಟ್ ಬೇರೆ ಇದೆಯಲ್ಲಮ್ಮ?”

“ಅದು ಪೇಪರಿನ ರೇಟು ಮ್ಯಾಮ್. ನಮ್ಮ ಇವತ್ತಿನ ರೇಟ್ ಇದೇ.”

ಅವಳೂ ತಲೆಯೆತ್ತದೆ ಹೇಳಿದಳೆಂದು ಫೋನಿನಲ್ಲೇ ಗೊತ್ತಾಯಿತು. ನಿಯಮಾವಳಿ ತೆರೆದು ನೋಡಿದೆ. ಕನ್ನಡಕ ಬದಲಾಯಿಸಿ ಓದುವಷ್ಟು ಸಣ್ಣ ಅಕ್ಷರದಲ್ಲಿ ಎಲ್ಲವೂ ಇತ್ತು. ಒಪ್ಪಿಗೆಯ ಗುಂಡಿ ಒತ್ತಿದ್ದವಳು ನಾನೇ.

ಈ ಅಳಲನ್ನು ನಮ್ಮ ಮನೆ ಮಾಲೀಕ ಮುನಿರಾಜು ಅವರ ಮುಂದೆ ತೋಡಿಕೊಂಡೆ. ಕೆಳಗಿನ ಮನೆಯಲ್ಲಿರುವ ಅವರು ಈ ಊರಿನ ಮೂಲದವರು. ಪಿಜಿ ಕಟ್ಟಡಗಳು ಎದ್ದಿರುವ ನಮ್ಮ ಬೀದಿಯಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರು. ಮುನಿರಾಜು ಗೇಟಿಗೆ ಎಣ್ಣೆ ಬಿಡುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, “ಲೇಔಟ್ ಮಾಡುವಾಗ ನಮ್ಮಪ್ಪನ ಜಮೀನಿಗೂ ಸರ್ಕಾರದವರು ಹೇಳಿದ್ದೇ ರೇಟು ಮೇಡಂ” ಎಂದರು. ದೂರಿನ ದನಿಯಿರಲಿಲ್ಲ. “ಅಪ್ಪ ಒಂದು ವರ್ಷ ಆಫೀಸಿಗೆ ಅಲೆದ್ರು. ಆಮೇಲೆ ಸುಮ್ನಾದ್ರು. ನಿಮ್ದು ಐವತ್ತು ರೂಪಾಯಿ ಅಂದ್ರಾ?”

ಅಲ್ಲಿಗೇ ನಾನೂ ಸುಮ್ಮನಾಗಬಹುದಿತ್ತು. ಆದರೆ ಲೆಕ್ಕದವಳ ಜೊತೆಗೆ ನನ್ನೊಳಗಿನ ಮೇಷ್ಟ್ರಮ್ಮನೂ ಎಚ್ಚರಗೊಂಡಿದ್ದಳು. ಇನೆಸ್‌ಗೆ ಓದಿನ ಅಭ್ಯಾಸವೂ ಆಗಲಿ, ಹಣ ಕಳಿಸಲು ಬೇರೆ ಉಪಾಯವಿದ್ದರೆ ತಿಳಿಯಲಿ ಎಂದು, ಸರಳ ಕನ್ನಡದಲ್ಲಿ ಪತ್ರ ಬರೆದೆ: “ನೀವು ಕಳಿಸಿದ ಹಣ ನನಗೆ ಕಡಿಮೆ ಬಂತು. ಬೇರೆ ದಾರಿ ಇದೆಯೇ?” ಸರಳವೆಂದು ನಾನೇ ಮೆಚ್ಚಿಕೊಂಡ ವಾಕ್ಯಗಳವು.

ಮಾರನೆಯ ದಿನ ಆಕೆ ಪಾಠವನ್ನು ರದ್ದು ಮಾಡಿದಳು. ಅದರ ಮುಂದಿನ ಮೂರನ್ನೂ. ಏನೋ ಕೆಲಸವಿರಬೇಕೆಂದುಕೊಂಡೆ. ಎರಡು ವಾರವಾದ ಮೇಲೆ ನಾಲ್ಕು ಪಾಠಗಳಿಗೆ ಮುಂಗಡವಾಗಿ, ಪಾಠಕ್ಕೆ ಇಪ್ಪತ್ತು ಯೂರೊದಂತೆ ಹಣ ಬಂತು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿ: ಇಷ್ಟು ದಿನ ಕಡಿಮೆ ಕೊಟ್ಟದ್ದಕ್ಕೆ ಕ್ಷಮಿಸಬೇಕು, ಇನ್ನು ವಾರಕ್ಕೆ ಒಂದೇ ಪಾಠ ಸಾಕು, ಅಷ್ಟು ಮಾತ್ರ ತನ್ನಿಂದ ಸಾಧ್ಯ.

ಕುರ್ಚಿಯಲ್ಲಿ ಕುಳಿತಿದ್ದವಳು ಕುಗ್ಗಿಹೋದೆ. ನಾನು ಬರೆದದ್ದು ಕಂಪನಿಯ ಮೇಲಿನ ದೂರು. ಆಕೆಯ ನಿಘಂಟಿನಲ್ಲಿ ಅದು “ನೀನು ಕೊಡುವುದು ನನಗೆ ಸಾಲದು” ಎಂದಾಗಿತ್ತು. ಕಂಪನಿ ಹಿಡಿದದ್ದು ಐವತ್ತು ರೂಪಾಯಿ. ನನ್ನ ಎರಡು ವಾಕ್ಯಗಳು ಒಬ್ಬ ಮುದುಕನ ಎರಡು ವಾರದ ಮಾತನ್ನೇ ಹಿಡಿದುಕೊಂಡಿದ್ದವು.

ಆ ಕ್ಷಣವೇ ಫೋನು ಮಾಡಿ ಇಂಗ್ಲಿಷಿನಲ್ಲೇ ಎಲ್ಲವನ್ನೂ ಬಿಡಿಸಿ ಹೇಳಿದೆ. ನೀವು ಕೋಪ ಮಾಡಿಕೊಂಡಿದ್ದೀರೆಂದು ನನಗೆ ಹೆದರಿಕೆಯಾಗಿತ್ತು ಎಂದಳು ಆಕೆ. ಹೆಚ್ಚು ಬಂದ ಹಣವನ್ನು ಹಿಂದಿರುಗಿಸಲು ಹೊರಟರೆ, ರೂಪಾಯಿ ಮತ್ತೆ ಯೂರೊ ಆಗುವ ದಾರಿಯಲ್ಲಿ ಇನ್ನೊಮ್ಮೆ ಕಡಿತ. ತೋಚದೆ ಮತ್ತೆ ಗೇಟಿನ ಬಳಿ ನಿಂತೆ.

“ದುಡ್ಡು ಯಾಕ್ ವಾಪಸ್ ಕಳಿಸ್ತೀರ? ಅಷ್ಟಕ್ಕೆ ಕ್ಲಾಸ್ ಜಾಸ್ತಿ ತಗೊಳ್ಳಿ” ಎಂದರು ಮುನಿರಾಜು. “ಪಾಠಕ್ಕೆ ರೇಟ್ ಹಾಕೋರು ನೀವೇ ಅಲ್ವಾ ಮೇಡಂ?”

ಹೌದಲ್ಲ, ಇಡೀ ವ್ಯವಹಾರದಲ್ಲಿ ನನ್ನ ಕೈಯಲ್ಲಿದ್ದ ದರ ಅದೊಂದೇ. ಹಾಗಾಗಿ ದರ ಇಳಿಸಿದೆ, ಅದೇ ಹಣಕ್ಕೆ ಪಾಠ ವಾರಕ್ಕೆ ಮೂರಾಯಿತು. ಬ್ಯಾಂಕಿನ ಬೆಳಗಿನ ಸಂದೇಶಗಳನ್ನು ಈಗ ಸಂಜೆಗೋ ಮಾರನೆಯ ದಿನಕ್ಕೋ ತೆರೆಯುತ್ತೇನೆ.

ಹೀಗೆ ಹೆಚ್ಚಿಗೆ ಬಂದ ಮೊದಲ ಪಾಠದ ದಿನ ಇನೆಸ್ ಒಂದು ಸಂದೇಹ ತೆಗೆದಳು. ರುದ್ರಪ್ಪನವರು ಮಧ್ಯಾಹ್ನದ ಊಟಕ್ಕೆ ಎಲ್ಲರೂ ಸಾಲಾಗಿ ಹೋಗುವಾಗ ಒಂದೇ ಮಾತನ್ನು ಹೇಳುತ್ತಾರೆ, ಅದರಲ್ಲಿ ಕಾಲು ಎಂಬ ಪದವಿದೆ. ಕಾಲು ನೋವಿರಬೇಕೆಂದು ತಾನು ಮೂರು ವಾರದಿಂದ ದಿನವೂ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೇನೆ, ಆದರೂ ಮಾತು ನಿಂತಿಲ್ಲ.

“ಅವರು ಹೇಳಿದ ಹಾಗೇ ಹೇಳಿ” ಎಂದೆ.

ಆಕೆ ಕಣ್ಣು ಮುಚ್ಚಿ ಒಪ್ಪಿಸಿದಳು: “ಮುಂದೋಗಿ, ಮುಂದೋಗಿ, ಮುಂದೆ ಕಾಲಿ.”

ನನಗೆ ನಗು ಮೊದಲು ಬಂತು, ಕಣ್ಣು ತುಂಬಿದ್ದು ಆಮೇಲೆ. ಮುಂದೆ ಹೋಗಿ, ಮುಂದೆ ಖಾಲಿ ಇದೆ. ಹಡಗು ಹತ್ತುವುದಕ್ಕೂ ಮುಂಚೆ ಆ ಮನುಷ್ಯ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದಿರಬೇಕು. ಅದು ಆಶ್ರಮದವರಿಗೆ ಗೊತ್ತಿರಲಿಲ್ಲ, ಯಾವ ಕಾಗದದಲ್ಲೂ ಇರಲಿಲ್ಲ. ನಾನು ಇನೆಸ್‌ಗೆ ಬಸ್ಸು, ಕಂಡಕ್ಟರು, ನೂಕುನುಗ್ಗಲು ಎಲ್ಲವನ್ನೂ ವಿವರಿಸಿ, ಅವರಿಗೆ ಹೇಳಬೇಕಾದ ಒಂದು ವಾಕ್ಯವನ್ನು ಹತ್ತು ಸಲ ಹೇಳಿಸಿದೆ.

ಮುಂದಿನ ಪಾಠದಲ್ಲಿ ಆಕೆ ಕ್ಯಾಮೆರಾದ ಮುಂದೆ ಹಿಡಿದದ್ದು ಪೇಪರ್ ನ್ಯಾಪ್‌ಕಿನ್ನಿನ ಒಂದು ಉದ್ದನೆಯ ಚೂರು. ಊಟದ ಸಾಲಿನಲ್ಲಿ ರುದ್ರಪ್ಪನವರ ಹತ್ತಿರ ಹೋಗಿ, ನಾಣ್ಯವೊಂದನ್ನು ಕೈಗಿಟ್ಟು, “ಜಯನಗರ ಒಂದು ಕೊಡಿ” ಎಂದಳಂತೆ. ಅವರು ಇವಳನ್ನು ಒಮ್ಮೆ ನೋಡಿ, ನಾಣ್ಯವನ್ನು ಜೇಬಿಗೆ ಹಾಕಿ, ನ್ಯಾಪ್‌ಕಿನ್ನನ್ನು ನೇರವಾಗಿ ಹರಿದು, ಅವಳ ಜೇಬಿನ ಪೆನ್ನನ್ನೇ ಎಳೆದುಕೊಂಡು ಹಿಂಬದಿಯಲ್ಲಿ ಏನೋ ಗೀಚಿ ಕೊಟ್ಟು, ಮುಂದಿನ ಮುದುಕಿಯ ಕಡೆಗೆ ತಿರುಗಿದರಂತೆ.

“ಟೀಚರ್, ಇದು ಏನು?” ಎಂದಳು, ಚೂರನ್ನು ಹಿಂದುಮುಂದಾಗಿ ತಿರುಗಿಸಿ. ಅಲ್ಲಿ ಸೊಟ್ಟಸೊಟ್ಟಾಗಿ ಬರೆದಿತ್ತು: 75.

“ಅವರ ಹತ್ತಿರ ಚಿಲ್ಲರೆ ಇಲ್ಲ. ನಿಮಗೆ ಎಪ್ಪತ್ತೈದು ಪೈಸೆ ಬರಬೇಕು ಅಂತ ಟಿಕೆಟ್ಟಿನ ಹಿಂದೆ ಬರೆದಿದ್ದಾರೆ. ಇಳಿಯುವಾಗ ಕೇಳಿ ತೆಗೆದುಕೊಳ್ಳಿ.”

ಆಕೆ ‘ಇಳಿಯುವಾಗ’ ಎಂಬುದನ್ನು ನಿಘಂಟಿನಲ್ಲಿ ಹುಡುಕಿದಳು. ಚೂರನ್ನು ನಾಲ್ಕಾಗಿ ಮಡಿಸಿ ಸಮವಸ್ತ್ರದ ಜೇಬಿನಲ್ಲಿ ಇಟ್ಟುಕೊಂಡಳು. ಆಮೇಲೆ ನಿಧಾನವಾಗಿ, ಒಂದೊಂದೇ ಪದವನ್ನು ಕೂಡಿಸಿ ಹೇಳಿದಳು:

“ನಾನು ಇಳಿಯುವುದಿಲ್ಲ, ಟೀಚರ್.”

ತಿದ್ದುವುದಕ್ಕೆ ಆ ವಾಕ್ಯದಲ್ಲಿ ಏನೂ ಇರಲಿಲ್ಲ.