ವ್ಯಾನಿನ ಗೋಡೆಯಲ್ಲಿ ಮೆಣಸಿನಕಾಯಿ ಚೀಲ

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಸವಣೂರಿನಲ್ಲಿ ಗಾಡಿಗಳ ಸೀಟು ಹೊಲಿಯುತ್ತೇನೆ. ಅಣ್ಣ ಹಾನಗಲ್ಲಿನಲ್ಲಿ ಮಾಸ್ತರ. ಹೋದ ವರ್ಷ ಹಳೆಯ ಸ್ಕೂಲ್ ವ್ಯಾನೊಂದನ್ನು ಕೊಂಡು ನನ್ನ ಅಂಗಡಿ ಮುಂದೆ ತಂದು ನಿಲ್ಲಿಸಿದ. ಒಳಗೆ ಮಂಚ, ಒಲೆ ಮಾಡಿಕೊಂಡು ಸೂಟಿಯಲ್ಲಿ ಅತ್ತಿಗೆಯ ಜೊತೆ ಊರೂರು ತಿರುಗುವ ಹುಚ್ಚು ಅವನಿಗೆ.

“ತಗಡು ಬಿಸಲಿಗೆ ಕಾಯ್ತೈತಿ. ಒಳಗ ಥರ್ಮಾಕೋಲ್ ಕೂಡ್ರಿಸಿ ಮ್ಯಾಲೆ ಪ್ಲೈವುಡ್ ಹೊಡಿ. ಮೊಬೈಲ್‌ನ್ಯಾಗ ನೋಡೇನಿ,” ಅಂದ.

“ಮೊಬೈಲ್‌ಗೇ ಹೊಡ್ಯಾಕ ಹೇಳಬೇಕಿತ್ತು,” ಅಂದೆ. ಅವನು ನಕ್ಕ. ನಾನು ನಗಲಿಲ್ಲ.

ಹಿಂದೆ ಶಿಗ್ಗಾಂವಿಯ ಒಂದು ಹುಡುಗಿಯನ್ನು ನನಗೆ ಗೊತ್ತು ಮಾಡಿದ್ದರು. ಎಲ್ಲರೂ ಒಪ್ಪಿದ ಮೇಲೆ ಅಣ್ಣ ಅವರ ಪಡಸಾಲೆಯಲ್ಲಿ ಕುಂತು, “ಸಣ್ಣಾವಿದ್ದಾಗ ಇವಗ ಮೂರ್ಛೆ ಬರ್ತಿತ್ರಿ, ಈಗೇನೂ ಇಲ್ಲರಿ,” ಅಂದ. ಅವರು ಮತ್ತೆ ಫೋನ್ ಮಾಡಲಿಲ್ಲ. ಸುದ್ದಿ ಹಿರೇಕೆರೂರಿನ ತನಕ ಹೋಯಿತು, ಮುಂದೆ ಯಾರೂ ಹೆಣ್ಣು ಕೊಡಲಿಲ್ಲ. ಇವತ್ತಿಗೂ ಒಬ್ಬನೇ ಬೇಯಿಸಿಕೊಂಡು ಉಣ್ಣುತ್ತೇನೆ.

ವ್ಯಾನಿನ ಮೇಲ್ಭಾಗಕ್ಕೆಲ್ಲ ಥರ್ಮಾಕೋಲನ್ನೇ ನೆಟ್ಟಗೆ ಕೂಡ್ರಿಸಿದೆ. ತಲೆದಿಂಬು ಬರುವ ಬದಿಗೆ ಮಾತ್ರ, ಬ್ಯಾಡಗಿ ಮೆಣಸಿನಕಾಯಿ ತುಂಬಿದ್ದ ಗೋಣಿಚೀಲಗಳನ್ನು ಕೊಡವದೆ ಮಡಿಚಿ ತುರುಕಿದೆ. ಮೇಲೆ ಪ್ಲೈವುಡ್, ಅದರ ಮೇಲೆ ರೆಕ್ಸಿನ್. ಸಂದಿ ಬೇಕಂತಲೇ ಬಿಟ್ಟೆ. ಹೊಸ ಅಂಟಿನ ವಾಸನೆಯಲ್ಲಿ ಘಾಟು ಅಡಗಿತು. ತಗಡು ಕಾಯಲಿ, ಗಾಡಿ ಕುಲುಕಲಿ, ಅಣ್ಣ ಸೀನಿ ಸೀನಿ ಸಾಯಲಿ ಅಂದುಕೊಂಡೆ. ಕೆಲಸ ಮಾಡುವಾಗ ನನಗೂ ಸೀನು ಬಂತು, ಅದರ ಹಿಂದೆಯೇ ನಗು ಬಂತು.

ಅತ್ತಿಗೆಗೆ ದಮ್ಮು ಇದೆ. ಅದು ನೆನಪಾಗಲಿಲ್ಲ ಅಂದರೆ ಸುಳ್ಳು. ನೆನಪಾಗಿತ್ತು, ಬದಿಗೆ ಸರಿಸಿದೆ.

ಮೊದಲ ಸಲ ಆಡೂರಿಗೆ ಹೋದರು. ಅಣ್ಣ ಮುಂದೆ ಗಾಡಿ ಓಡಿಸುತ್ತಿದ್ದ, ಅವಳು ಹಿಂದೆ ಮಲಗಿದ್ದಳು. ಉಸಿರು ಸಿಗದಾದಾಗ ಅವಳನ್ನು ಹಾನಗಲ್ಲಿನ ದವಾಖಾನೆಗೆ ಸೇರಿಸಿದರು. ನಾನು ಬಸ್ಸು ಹತ್ತಿ ಓಡಿದೆ. ಅವಳ ಮೂಗಿಗೆ ನಳಿಗೆ ಹಾಕಿದ್ದರು.

“ನೀ ಮಾಡಿದ ಗಾಡಿ ಭಾಳ ತಂಪೈತಪಾ, ನನ್ನ ಎದಿನ ಸುಮಾರು,” ಅಂದಳು.

ಹೊರಗೆ ಬಂದು ಅಣ್ಣನಿಗೆ ಚೀಲದ ಸಂಗತಿ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನು ಸ್ಕ್ರೂಡ್ರೈವರ್ ತಂದು ಕೈಗೆ ಕೊಟ್ಟ. ನಾನು ಅಲ್ಲೇ ನಿಂತಿದ್ದ ವ್ಯಾನಿನ ಪ್ಲೈವುಡ್ ಬಿಚ್ಚಿದೆ, ಅವನು ಮೂಗಿಗೆ ಟವೆಲ್ ಕಟ್ಟಿಕೊಂಡು ಚೀಲ ಎಳೆದು ಎಸೆದ.

“ಶಿಗ್ಗಾಂವಿ ಮಾತಿಗೇನು?”

“ಹೂಂ.”

“ನಾ ಸುಳ್ಳು ಹೇಳಿರಲಿಲ್ಲಲೇ.”

“ಗೊತ್ತೈತಿ.”

ಮೂಗಿನ ಟವೆಲ್ ಬಿಚ್ಚಿ, “ಆಕೀಗ ಹೇಳಬ್ಯಾಡ. ನಿನ್ನ ಮ್ಯಾಲೆ ಆಕೀಗ ಭಾಳ ಜೀವ,” ಅಂದ.

ಅವತ್ತು ಪಡಸಾಲೆಯಲ್ಲಿ ಮುಚ್ಚಲಾರದ ಬಾಯಿ ಇವತ್ತು ನನಗೆ ಉಪಕಾರ ಮಾಡಲು ಹೊರಟಿತ್ತು. ನನಗೆ ಅದು ಬೇಡವಾಗಿತ್ತು. ಒಳಗೆ ಹೋಗಿ ಅತ್ತಿಗೆಗೆ ಎಲ್ಲ ಹೇಳಿದೆ. ಅವಳು ಗೋಡೆಯ ಕಡೆ ಹೊರಳಿದಳು. ಬಾಗಿಲಲ್ಲಿ ನಿಂತಿದ್ದ ಅಣ್ಣನ ಮುಖ ಕಪ್ಪಿಟ್ಟಿತು. ಅದನ್ನು ನೋಡಿ ನನಗೆ ಒಳಗೊಳಗೆ ಖುಷಿಯಾಯಿತು. ಚೀಲ ತುರುಕಿದ್ದಕ್ಕಿಂತ ಆ ಖುಷಿಗೇ ಈಗ ನಾಚಿಕೆ ಆಗುತ್ತದೆ.